ಹಸಿರು ಬಟನ್ ಒತ್ತಿದವರು

ಮೆಟ್ಟಿಲ ಕೆಳಗೆ ಮಾವ ಬೀಗ ಜಗ್ಗಿ ನೋಡುತ್ತಿದ್ದರು. ಒಂದು ಸಲ ಜಗ್ಗಿದರು, ಗೇಟಿನವರೆಗೆ ಹೋದರು, ಅಲ್ಲಿ ನಿಂತು ಏನೋ ಯೋಚಿಸಿ ತಿರುಗಿ ಬಂದು ಮತ್ತೆ ಜಗ್ಗಿದರು. ಮೇಲಿನ ಮನೆಯ ಕಿಟಕಿಯಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಅಳಿಯ ಒಂದು ಹೆಜ್ಜೆ ಹಿಂದಕ್ಕೆ ಸರಿದ. ತಾನು ನೋಡುತ್ತಿರುವುದು ಅವರಿಗೆ ಕಾಣಬಾರದು. ಒಂದು ತಿಂಗಳ ಹಿಂದಿನವರೆಗೆ ಅವರು ಬೀಗ ಹಾಕಿದರೆ ಹಾಕಿದ್ದೇ, ತಿರುಗಿ ನೋಡುವ ಮಾತೇ ಇರಲಿಲ್ಲ. ಈಗ ಅಂಗಿಯ ಜೇಬಿನ ತುಂಬ ಚೀಟಿಗಳು. ಗ್ಯಾಸ್ ಆರಿಸಿದೆ. ಮಾತ್ರೆ ನುಂಗಿದೆ. ನಲ್ಲಿ ನಿಲ್ಲಿಸಿದೆ. ಮೊನ್ನೆ ಯಾರೂ ಕೇಳದೆಯೇ ತಮ್ಮ ಸ್ಕೂಟರಿನ ಕೀಲಿಯನ್ನು ತಂದು ಮಗಳ ಕೈಯಲ್ಲಿಟ್ಟು, "ಎಲ್ಲಾದ್ರೂ ದಾರಿ ಮರೆತು ಯಾರದೋ ಮನೆಗೆ ಅಳಿಯ ಆಗಿ ಹೋಗಿಬಿಟ್ರೆ ಕಷ್ಟ," ಎಂದು ನಕ್ಕಿದ್ದರು. ಮಗಳು ನಗಲಿಲ್ಲ. ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದು ಅವನಿಗೆ ಗೊತ್ತು. ಇವತ್ತು ನಾಲ್ಕು ಗಂಟೆಗೆ ಮರೆವಿನ ಡಾಕ್ಟರ ಹತ್ತಿರ ಮಾವನ ಹೆಸರು ಬರೆಸಿ ಆಗಿದೆ. "ನೀವೇ ಕರ್ಕೊಂಡು ಹೋಗಿ," ಎಂದಳು ಹೆಂಡತಿ, ಅವನ ಬೆನ್ನಿಗೆ. "ನಾನು ಹೇಳಿದ್ರೆ ಹತ್ತು ಮಾತಾಡ್ತಾರೆ. ನಿಮ್ಮ ಮಾತು ಅಂದ್ರೆ ಮರು ಮಾತಿಲ್ಲ ಅವರಿಗೆ." ಅವನು ಹೂಂ ಎಂದ. ಟೀ ಆರಿಹೋಗಿತ್ತು.

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಮಾವ ಹೊಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದು ಕೂತರು. ಮಾವ ಕೆಲಸ ಮಾಡುವ, ಕೋಳಿಮೊಟ್ಟೆ ಮರಿ ಮಾಡಿಸುವ ಕಾರ್ಖಾನೆಗೆ ಅವನ ಕಂಪನಿ ಮಾಡಿದ ಮೊದಲ ನಿಯಂತ್ರಣದ ಡಬ್ಬಿ ಹೋಗಿ ಎರಡು ತಿಂಗಳಾಗಿತ್ತು; ಇದು ಎರಡನೆಯದು. ಕಾವು ಕೊಡುವ ಯಂತ್ರದ ಬಾಗಿಲ ಪಕ್ಕ ಕೂತು, ಗಂಟೆಗೊಮ್ಮೆ ಒಳಗಿನ ತಟ್ಟೆಗಳನ್ನೆಲ್ಲ ಈ ಮಗ್ಗುಲಿಂದ ಆ ಮಗ್ಗುಲಿಗೆ ವಾಲಿಸುವುದು ಅದರ ಕೆಲಸ. ವಾಲಿಸದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಅಲ್ಲೇ ಸಾಯುತ್ತದೆ. ಯಂತ್ರ ಬರುವ ಮೊದಲು ಮಾವ ಅದನ್ನು ಕೈಯಲ್ಲಿ ಮಾಡುತ್ತಿದ್ದರು. ಒಂದೊಂದು ಮೊಟ್ಟೆಯ ಮೇಲೂ ಪೆನ್ಸಿಲಿನ ಗೆರೆ ಎಳೆದು, ದಿನಕ್ಕೆ ಐದು ಸಲ, ಅಲ್ಲಿ ದುಡಿದ ಮೂವತ್ತೊಂದು ವರ್ಷದಲ್ಲಿ ಮೊದಲ ಒಂಬತ್ತು ವರ್ಷ. ಮದುವೆಯಾದ ಹೊಸತರಲ್ಲಿ ಹೆಂಡತಿ ಹೇಳಿದ್ದಳು, ಅಪ್ಪ ನಿದ್ದೆಯಲ್ಲೂ ಕೈ ತಿರುಗಿಸುತ್ತಾರೆ ಎಂದು. "ಅಳಿಯಂದ್ರೆ, ಸ್ಟ್ಯಾಂಡ್ ತೆಗೆದ್ರಾ? ಮರೆವು ನನಗೊಬ್ಬನಿಗೇ ಇರ್ಲಿ," ಎಂದರು ಮಾವ ಕಿವಿಯ ಹತ್ತಿರ ಬಾಗಿ, ತಮಾಷೆಯ ಬಹುವಚನದಲ್ಲಿ. ಸ್ಟ್ಯಾಂಡ್ ತೆಗೆದಿರಲಿಲ್ಲ. ಕಾಲಿನಿಂದ ಒದ್ದು ತೆಗೆದ. ಹಿಂದಿನಿಂದ ಒಂದು ಸಣ್ಣ ನಗು ಕೇಳಿತು. ಯಾರೂ ಏನೂ ಅಂದಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಒಂದು ತಿಂಗಳಿಂದ ಮುಟ್ಟಿಕೊಳ್ಳುತ್ತಲೇ ಇದ್ದ.

ಒಂದು ತಿಂಗಳ ಹಿಂದೆ ಆ ಫೋನ್ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಕಾರ್ಖಾನೆಯ ಯಜಮಾನರ ದನಿ ಬಿಗಿಯಾಗಿತ್ತು. ನೂರಕ್ಕೆ ನಲವತ್ತು ಮರಿ ಕೂಡ ಹೊರಬಂದಿಲ್ಲ, ಒಡೆದು ನೋಡಿದರೆ ಎಲ್ಲ ಚಿಪ್ಪಿಗೆ ಅಂಟಿವೆ, ನಿಮ್ಮ ಡಬ್ಬಿ ತಿರುಗಿಸಿಲ್ಲ. ಅವನ ಮೇಜಿನ ಮೇಲೆ ಅದೇ ಡಬ್ಬಿಯ ಅವಳಿ ಇತ್ತು. ತಪಾಸಣೆಗೆ ಬಾಗಿಲು ತೆಗೆಯುವ ಮುಂಚೆ ಒತ್ತಬೇಕಾದ ಕೆಂಪು ಬಟನ್ ಒತ್ತಿದ, ನಿಂತಿತು. ಮುಚ್ಚಿದ ಮೇಲೆ ಒತ್ತಬೇಕಾದ ಹಸಿರು ಬಟನ್ ಒತ್ತಿದ, ದೀಪ ಹತ್ತಿತು, ಪರೀಕ್ಷೆಗೆಂದು ನಿಮಿಷಕ್ಕೊಮ್ಮೆ ತಿರುಗುವ ಹಾಗೆ ಇಟ್ಟಿದ್ದ ಮೋಟಾರು ತಿರುಗಿತು. ಬಾಯಲ್ಲಿ ಇನ್ನೂ ತುತ್ತಿತ್ತು. "ಡಬ್ಬಿ ಸರಿಯಾಗಿದೆ ಸಾರ್. ತಪಾಸಣೆ ಆದ್ಮೇಲೆ ಹಸಿರು ಒತ್ತೋದನ್ನ ಮರೆತಿರಬಹುದು," ಎಂದ. ಯಾರು ಮರೆತಿರಬಹುದು ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಆ ಕೋಣೆಗೆ ಇದ್ದವರು ಒಬ್ಬರೇ. ಫೋನ್ ಇಟ್ಟ ಮೇಲೆ ಉಳಿದ ಊಟ ಮುಗಿಸಿದ್ದ ಎಂಬುದು ಈಗ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಜಿಗುಪ್ಸೆ. ಎರಡು ದಿನದಲ್ಲಿ ಮಾವನನ್ನು ಕಾವಿನ ಕೋಣೆಯಿಂದ ತೆಗೆದು ತಟ್ಟೆ ತೊಳೆಯುವ ಶೆಡ್ಡಿಗೆ ಹಾಕಿದರು. ಆ ಸಂಜೆ ಅವರು ಮೇಲಿನ ಮನೆಗೆ ಊಟಕ್ಕೆ ಬಂದು, ಯಾರ ಮುಖವನ್ನೂ ನೋಡದೆ, "ನಾನೇ ಮರೆತಿರಬೇಕು ಬಿಡು. ವಯಸ್ಸಾಯ್ತಲ್ಲ," ಎಂದಿದ್ದರು. ಆಮೇಲೆ ಶುರುವಾದದ್ದು ಚೀಟಿಗಳು.

ಗೇಟಿನಲ್ಲಿ ಮಾವ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಒದ್ದೆ ನೆಲದ ಆಚೆ ಇದ್ದ ಶೆಡ್ಡಿನ ಕಡೆ ಹೊರಟರು. ಒಂದು ಕಾಲದಲ್ಲಿ ಅವರೇ ಅವನನ್ನು ಒಳಗೆ ಕರೆದೊಯ್ದು ಯಜಮಾನರಿಗೆ ತೋರಿಸಿ, "ನಮ್ಮ ಅಳಿಯಂದಿರ ಡಬ್ಬಿ, ಕಣ್ಣು ಮುಚ್ಕೊಂಡು ಹಾಕ್ಸಿ," ಎಂದಿದ್ದವರು. ಇವತ್ತು ಕಾವಿನ ಕೋಣೆಯ ಬಾಗಿಲು ತೆಗೆದವನು ಬೇರೆ. ಎಲ್ಲರೂ ಹೊಸಬ ಎಂದೇ ಕರೆಯುವ, ನಲವತ್ತು ದಾಟಿದ, ಅರ್ಧ ಮಾತಿನ ಮನುಷ್ಯ. ಅವನ ಕೈಯ ಮೊದಲ ಸರದಿಯ ಮರಿಗಳು ನಿನ್ನೆ ಹೊರಬಂದಿದ್ದವು, ನೂರಕ್ಕೆ ತೊಂಬತ್ತರ ಮೇಲೆ. ಅದಕ್ಕೇ ಯಜಮಾನರು ಎರಡನೆಯ ಡಬ್ಬಿ ತರಿಸಿದ್ದು. ಯಂತ್ರ ಸರಿ, ಮನುಷ್ಯ ಸರಿಯಿರಲಿಲ್ಲ ಎಂಬುದು ಖಾತ್ರಿಯಾಗಿತ್ತು. ಕೋಣೆಯೊಳಗೆ ಬೆಚ್ಚನೆಯ ಹಸಿ ಗಾಳಿ, ಸುಣ್ಣದ ವಾಸನೆಯಂಥದು. ಅವನು ಲ್ಯಾಪ್‌ಟಾಪ್ ತೆಗೆದು ಹಳೆಯ ಡಬ್ಬಿಗೆ ವೈರು ಜೋಡಿಸುವಷ್ಟರಲ್ಲಿ ಹೊಸಬ ತಪಾಸಣೆಗೆ ಬಂದು, ಗೋಡೆಯ ಪ್ಲಗ್ ಕಿತ್ತ. ಡಬ್ಬಿ ಸತ್ತಿತು. ಬಾಗಿಲು ತೆಗೆದು ಟಾರ್ಚು ಬಿಟ್ಟು ಮೊಟ್ಟೆ ನೋಡಿ, ಮುಚ್ಚಿ, ಪ್ಲಗ್ ಮತ್ತೆ ಚುಚ್ಚಿದ. ಡಬ್ಬಿ ಕಣ್ಣು ಬಿಟ್ಟಿತು.

"ಹಾಗೆಲ್ಲ ಕೀಳಬಾರದು. ಅದಕ್ಕೇ ಬಟನ್ ಕೊಟ್ಟಿದೀವಲ್ಲ," ಎಂದ ಅವನು, ತನಗೇ ಗೊತ್ತಾಗುವಷ್ಟು ಇಂಜಿನಿಯರಿನ ಗತ್ತಿನಲ್ಲಿ.

"ಬಟನ್ ಒತ್ತಿದ್ರೆ ಆಮೇಲೆ ತಿರುಗಲ್ಲ ಸಾರ್," ಎಂದ ಹೊಸಬ. "ಮೊದಲ ದಿನ ಒತ್ತಿ ನೋಡ್ದೆ. ದೀಪ ಹತ್ತುತ್ತೆ, ಅಷ್ಟೇ. ಒಂದು ಗಂಟೆ ಕಾದೆ, ತಟ್ಟೆ ಅಲುಗಾಡಲಿಲ್ಲ. ಪ್ಲಗ್ ಕಿತ್ತು ಹಾಕಿದ್ರೆ ಸರಿಹೋಗುತ್ತೆ."

"ಯಾರಿಗಾದ್ರೂ ಹೇಳಿದ್ರಾ?"

"ಯಾರೂ ಕೇಳಲಿಲ್ಲ."

ಹೊಸಬ ಟಾರ್ಚು ಜೇಬಿಗಿಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತ. ಲ್ಯಾಪ್‌ಟಾಪಿನ ಮುಂದಿದ್ದ ಅವನು ಕೆಂಪು ಒತ್ತಿದ, ಹಸಿರು ಒತ್ತಿದ. ದೀಪ ಹತ್ತಿತು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಒಂದೇ ಒಂದು ಸಾಲು ಬಂತು. ಯುಸ್ಲೀಪ್, ನಾಟ್ ಫೌಂಡ್; ಆ ಹೆಸರಿನ ಕಮಾಂಡು ಸಿಗಲಿಲ್ಲ ಎಂದು. ಈ ಸಾಲು ಅವನಿಗೆ ಹೊಸದಲ್ಲ. ಸಣ್ಣ ಡಬ್ಬಿಗಳೊಳಗಿನ ಲಿನಕ್ಸ್‌ನ ಜೊತೆ ಇಪ್ಪತ್ತು ವರ್ಷ ಏಗಿದವನು, ಆಫೀಸಿನಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ, ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ ಕಣಪ್ಪ, ಮೊದಲು ಅದು ಎಲ್ಲಿ ಹುಡುಕುತ್ತಿದೆ ನೋಡು ಎಂದು. ಹುಡುಕುವ ಜಾಗಗಳ ಪಟ್ಟಿ ನೋಡಿದ. ಸರಿಯಾಗಿಯೇ ಇತ್ತು. ಕೆಲವು ಸಲ ಫೈಲು ಕಣ್ಣೆದುರಿಗೇ ಇರುತ್ತದೆ, ಅದನ್ನು ಎಬ್ಬಿಸಿ ಓಡಿಸಬೇಕಾದ ಇನ್ನೊಂದು ಫೈಲು ಇರುವುದಿಲ್ಲ, ಆಗಲೂ ಇದೇ ಮಾತು ಹೇಳುತ್ತದೆ. ಅದನ್ನೂ ನೋಡಿದ. ಅಲ್ಲೂ ಏನೂ ಕೆಟ್ಟಿರಲಿಲ್ಲ. ಅದು ಕೆಟ್ಟಿರಲಿ ಎಂದು ತಾನು ಬೇಡಿಕೊಳ್ಳುತ್ತಿರುವುದು ಗೊತ್ತಾಯಿತು. ಯಾರೋ ಬೇರೆಯವರ ಕೈ, ಯಾವುದೋ ಹಾಳಾದ ಚಿಪ್, ಏನಾದರೂ. ಕೊನೆಗೆ ಬ್ಯುಸಿಬಾಕ್ಸ್ ಎಂದು ಟೈಪ್ ಮಾಡಿದ. ಇಂಥ ಡಬ್ಬಿಗಳಲ್ಲಿ ಬಿಡಿ ಕಮಾಂಡುಗಳಿರುವುದಿಲ್ಲ, ಎಲ್ಲವೂ ಆ ಒಂದೇ ಪ್ರೋಗ್ರಾಮಿನ ಹೊಟ್ಟೆಯಲ್ಲಿ. ಹೆಸರು ಕರೆದರೆ ತನ್ನಲ್ಲಿ ಏನೇನಿದೆ ಎಂದು ಅಕ್ಷರಮಾಲೆಯಲ್ಲಿ ಒಪ್ಪಿಸುತ್ತದೆ. ಬೆರಳಿಟ್ಟು ಓದಿದ. ಅಪ್‌ಟೈಮ್. ಅದರ ಮುಂದೆ ನೇರ ವಿಐ. ನಡುವೆ ಯುಸ್ಲೀಪ್ ಇರಬೇಕಾಗಿತ್ತು, ಇರಲಿಲ್ಲ.

ಡಬ್ಬಿ ಕಟ್ಟುವಾಗ ಏನು ಸೇರಿಸಬೇಕು ಏನು ಬೇಡ ಎಂದು ಬರೆದಿಟ್ಟ ಪಟ್ಟಿ ಲ್ಯಾಪ್‌ಟಾಪಿನಲ್ಲೇ ಇತ್ತು. ತೆರೆಯದೆಯೂ ಗೊತ್ತಾಗಿತ್ತು. ಕೊನೆಯ ವಾರ, ಜಾಗ ಸಾಲುತ್ತಿರಲಿಲ್ಲ, ಮೂವತ್ತು ಕಿಲೋಬೈಟು ಹೆಚ್ಚಾಗಿ ಡಬ್ಬಿಯೊಳಗೆ ಹಿಡಿಯುತ್ತಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಯಾರೂ ಬಳಸದ ಕಮಾಂಡುಗಳನ್ನು ಒಂದೊಂದಾಗಿ ಕಿತ್ತಿದ್ದ. ಹನ್ನೊಂದು. ಕಳೆ ಕೀಳುವವನ ಸುಖವಿತ್ತು ಅದರಲ್ಲಿ. ಸಿಳ್ಳೆ ಬೇರೆ ಹಾಕಿದ್ದ. ಒಂಬತ್ತನೆಯದು ಯುಸ್ಲೀಪ್. ಮಾಡುವ ಕೆಲಸವಾದರೂ ಏನು, ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಯುವುದು. ಅದನ್ನು ಕರೆಯುವ ಸಾಲನ್ನು ಬರೆದವನೂ ಅವನೇ, ಅದಕ್ಕೂ ಒಂದು ತಿಂಗಳು ಮುಂಚೆ: ಹಸಿರು ಒತ್ತಿದ ಮೇಲೆ ದೀಪ ಹತ್ತಲಿ, ಅರ್ಧ ಸೆಕೆಂಡು ಕಾಯಲಿ, ಆಮೇಲೆ ಕೆಂಪು ಬಟನ್ ಒಳಗೆ ಬರೆದಿಟ್ಟ ನಿಲ್ಲಿಸಿದ ಗುರುತನ್ನು ಅಳಿಸಲಿ. ಅರ್ಧ ಸೆಕೆಂಡು ಯಾಕೆಂದರೆ ಮಾವ ಒಂದು ಕೈಯಲ್ಲಿ ಯಂತ್ರದ ಹಳೆಯ ಬಟನ್ ಒತ್ತುತ್ತಾ ಇನ್ನೊಂದು ಕೈಯಲ್ಲಿ ಕೊನೆಯ ತಟ್ಟೆ ತಳ್ಳುವುದನ್ನು ಅವನು ನೋಡಿದ್ದ. ತಿರುಗುವ ಗಂಟೆ ಆಗಲೇ ಮೀರಿದ್ದರೆ ತಟ್ಟೆ ಕೂಡಲೇ ವಾಲುತ್ತದೆ, ಅಷ್ಟರಲ್ಲಿ ಆ ಬೆರಳುಗಳು ಹೊರಬರಲಿ ಎಂದು. ಪೂರ್ತಿ ಒಂದು ಸೆಕೆಂಡು ಕೊಟ್ಟಿದ್ದರೆ ಸಾಧಾರಣ ಸ್ಲೀಪ್ ಸಾಕಾಗುತ್ತಿತ್ತು, ಅದು ಎಲ್ಲ ಡಬ್ಬಿಯಲ್ಲೂ ಇರುತ್ತದೆ. ಆದರೆ ಮಾವನಿಗೆ ತಾಳ್ಮೆ ಕಮ್ಮಿ, ಒಂದು ಸೆಕೆಂಡು ಅಂದರೆ ಗೊಣಗುತ್ತಾರೆ ಎಂದು ಅರ್ಧ ಮಾಡಿದ್ದ. ಮೇಲಿಂದ ಎಚ್ಚರಿಕೆ ಬೇರೆ, ಎಲ್ಲಿ ತಪ್ಪಾದರೂ ಅಲ್ಲೇ ನಿಂತುಬಿಡು ಎಂದು ಮೊದಲ ಸಾಲಿನಲ್ಲಿ ಬರೆದಿದ್ದ. ನಿಂತಿತ್ತು. ಕಾಯುವ ಕಮಾಂಡು ಸಿಗದೆ ಅಲ್ಲೇ ನಿಂತು, ಗುರುತು ಅಳಿಯದೆ, ಕರೆಂಟು ಹೋಗಿ ಬರುವವರೆಗೆ ತಟ್ಟೆಗಳು ಹಾಗೇ ಉಳಿದಿದ್ದವು. ಕರೆಂಟು ಹೋದರೆ ಗುರುತಿನ ಜೊತೆಗೆ ಆ ತಪ್ಪಿನ ಸಾಲೂ ಅಳಿಸಿಹೋಗುತ್ತದೆ, ಸಾಕ್ಷಿ ಇರುವುದಿಲ್ಲ. ಮೇಜಿನ ಮೇಲಿನ ಅವಳಿಯಲ್ಲಿ ಯಾವುದನ್ನೂ ಕಿತ್ತಿರಲಿಲ್ಲ. ಅದು ಮನೆಯ ಮುದ್ದಿನ ಮಗು, ಅದಕ್ಕೆ ಎಲ್ಲವೂ ಇತ್ತು. ಅದರ ಮೇಲೆ ಒಂದು ಸಲ ಒತ್ತಿ ನೋಡಿ ಅವನು ತೀರ್ಪು ಕೊಟ್ಟಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡು ಅವನು ಬಹಳ ನಕ್ಕಿದ್ದಾನೆ.

ಸರಿಪಡಿಸುವುದು ಒಂದು ನಿಮಿಷದ ಕೆಲಸ. ಯುಸ್ಲೀಪ್ ಇದ್ದಲ್ಲಿ ಸ್ಲೀಪ್ ಒಂದು ಎಂದು ಬರೆದರೆ ಮುಗಿಯಿತು. ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸಬ ಕೇಳುವವನಲ್ಲ. ಎರಡನೆಯ ಡಬ್ಬಿ ಕೂರಿಸಿ, ಟೀ ಕುಡಿದು, ನಾಲ್ಕು ಗಂಟೆಗೆ ಮಾವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದು. ಡಾಕ್ಟರು ಗಡಿಯಾರದ ಚಿತ್ರ ಬರೆಯಿರಿ ಎನ್ನುತ್ತಾರೆ, ಮಾವ ಬರೆಯುತ್ತಾರೆ, ಪರವಾಗಿಲ್ಲ ವಯಸ್ಸಿಗೆ ತಕ್ಕಷ್ಟು ಮರೆವು ಎನ್ನುತ್ತಾರೆ. ಎಲ್ಲರಿಗೂ ನೆಮ್ಮದಿ. ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಅವನು ಇದನ್ನು ನಿಜವಾಗಿಯೂ ಯೋಚಿಸಿದ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು. ಆಮೇಲೆ, ಯಾಕೆಂದು ಗೊತ್ತಿಲ್ಲ, ಇನ್ನೊಂದು ಫೈಲು ತೆಗೆದ. ಬಟನ್ನುಗಳು ಯಾವಾಗ ಸವೆಯುತ್ತವೆ ಎಂದು ತಿಳಿಯಲಿ ಎಂದು, ಪ್ರತಿ ಸಲ ಒತ್ತಿದಾಗಲೂ ಒಂದು ಲೆಕ್ಕ ಇಡುವ ಏರ್ಪಾಡು ಮಾಡಿದ್ದ. ಅದು ಕರೆಂಟು ಹೋದರೂ ಅಳಿಸುವುದಿಲ್ಲ. ಈಗ ತಾನು ಒತ್ತಿದ್ದು, ಮೊದಲ ದಿನ ಹೊಸಬ ಒತ್ತಿದ್ದು ಕಳೆದ. ಕೆಂಪು ನಲವತ್ತೊಂದು. ಹಸಿರು ಎಂಬತ್ತಾರು. ಇನ್ನೊಂದು ಸಲ ಕಳೆದು ನೋಡಿದ. ಮಾವ ನಿಲ್ಲಿಸಿದ್ದು ನಲವತ್ತೊಂದು ಸಲ, ನಡೆಸಲು ಒತ್ತಿದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ಮನಸ್ಸು ತಡೆಯದೆ ವಾಪಸು ಬಂದು ಬಂದು ಒತ್ತಿದ್ದರು. ಬೆಚ್ಚಗಿನ ಆ ಕೋಣೆಯಲ್ಲಿ ಅವನಿಗೆ ಅಳು ಬಂತು. ಹೊಸಬ ನೋಡದವನ ಹಾಗೆ ಟಾರ್ಚಿನ ಗಾಜು ಒರೆಸತೊಡಗಿದ.

ಯಜಮಾನರು ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಮಾವನ ಮೇಲೆ ನಿಮಗಿರೋ ಪ್ರೀತಿ ನನಗೆ ಅರ್ಥ ಆಗುತ್ತೆ. ಅವರನ್ನ ವಾಪಸು ಒಳಗೆ ತರೋಕೆ ನೀವು ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದೀರಾ." ಇಂಥದೊಂದು ಅವಮಾನವನ್ನು ಅವನು ಊಹಿಸಿರಲಿಲ್ಲ. ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದರೆ ಬೆನ್ನು ತಟ್ಟಿ ಕಳಿಸುತ್ತಿದ್ದರು. "ನೀವೇ ಬಂದು ಒತ್ತಿ," ಎಂದ. ಬಂದರು. ಕೆಂಪು ಒತ್ತಿದರು, ಹಸಿರು ಒತ್ತಿದರು, ದೀಪ ನೋಡಿ ತಲೆಯಾಡಿಸಿದರು. ತಟ್ಟೆ ವಾಲುವ ಮುಂದಿನ ಗಂಟೆಯವರೆಗೆ ಹದಿನೆಂಟು ನಿಮಿಷ ಮೂವರೂ ಕಾಯುತ್ತಾ ನಿಂತರು. ಗಂಟೆಯಾಯಿತು. ಗಾಜಿನ ಕಿಂಡಿಯ ಹಿಂದೆ ತಟ್ಟೆಗಳು ಕದಲಲಿಲ್ಲ. "ಹೌದು, ಮೊದಲಿಂದಾನೂ ಹೀಗೇ," ಎಂದ ಹೊಸಬ, ಯಾರೋ ಕೊನೆಗೂ ಕೇಳಿದರು ಎಂಬ ಹಾಗೆ. ಅವನು ಆ ಒಂದು ಸಾಲು ತಿದ್ದಿ, ಯಜಮಾನರ ಕೈಯಲ್ಲೇ ಮತ್ತೆ ಒತ್ತಿಸಿದ, ತಟ್ಟೆಗಳು ನಿಧಾನವಾಗಿ ಆ ಮಗ್ಗುಲಿಗೆ ವಾಲಿದವು.

"ಅಂದ್ರೆ ಅಷ್ಟು ಮೊಟ್ಟೆ ಹಾಳಾಗಿದ್ದು ನಿಮ್ಮಿಂದ."

"ನನ್ನಿಂದ. ಕಂಪನಿಗೆ ಇವತ್ತೇ ಬರೆದು ಕೊಡ್ತೀನಿ. ನಿಮಗೂ ಒಂದು ಪ್ರತಿ."

"ಆ ಎರಡನೇ ಡಬ್ಬಿ ತಗೊಂಡು ಹೋಗಿ," ಎಂದರು ಯಜಮಾನರು. ಬಾಗಿಲವರೆಗೆ ಹೋದವರು ತಿರುಗಿ, ಬೇರೆಯೇ ದನಿಯಲ್ಲಿ ಕೇಳಿದರು, "ನಾಳೆಯಿಂದ ಒಳಗೆ ಬರ್ತಾರಾ ಅವರು? ನಾನು ಕೇಳಿದ್ರೆ ಬರ್ತಾರೋ ಇಲ್ವೋ."

ಶೆಡ್ಡಿನಲ್ಲಿ ಬಿಸಿನೀರಿನ ಹಬೆ. ಮಾವ ಮೊಣಕಾಲವರೆಗಿನ ರಬ್ಬರ್ ಬೂಟು ಹಾಕಿಕೊಂಡು ತೊಟ್ಟಿಯ ಮೇಲೆ ಬಗ್ಗಿ ಬ್ರಶ್ ಉಜ್ಜುತ್ತಿದ್ದರು. ತೊಳೆದ ತಟ್ಟೆಗಳು ಗೋಡೆಗೆ ಒರಗಿ ಒಂದಕ್ಕೊಂದು ಅಂಟದ ಹಾಗೆ ಓರೆಯಾಗಿ ನಿಂತಿದ್ದವು, ಅವರೊಬ್ಬರಿಗೇ ಸಾಧ್ಯವಾಗುವ ಅಚ್ಚುಕಟ್ಟು. ಅವನನ್ನು ಕಂಡು, "ಊಟ ಆಯ್ತಾ?" ಎಂದರು. ಅವನು ಉತ್ತರ ಕೊಡದೆ ಹೇಳತೊಡಗಿದ. ದಾರಿಯಲ್ಲಿ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಕೈಕೊಟ್ಟವು, ಕೊನೆಯದೇ ಮೊದಲು ಬಂತು. "ಮಾವ, ನೀವು ಮರೆತಿಲ್ಲ. ಒಂದೇ ಒಂದು ಸಲಾನೂ ಮರೆತಿಲ್ಲ." ಆಮೇಲೆ ಉಳಿದದ್ದು, ಕಿತ್ತ ಹನ್ನೊಂದು, ಅರ್ಧ ಸೆಕೆಂಡು, ನಿಂತುಹೋದ ಸಾಲು, ಎಂಬತ್ತಾರು. ಮಾವ ಬ್ರಶ್ಶನ್ನು ತೊಟ್ಟಿಯ ಅಂಚಿನಲ್ಲಿಟ್ಟರು. ಕೈ ಒರೆಸಿಕೊಳ್ಳಲು ಜೇಬಿಗೆ ಕೈ ಹಾಕಿದರೆ ಬಟ್ಟೆಯ ಬದಲು ಚೀಟಿಗಳು ಬಂದವು. ಅವುಗಳನ್ನು ನೋಡಿದರು, ಮತ್ತೆ ಜೇಬಿಗೇ ತುರುಕಿದರು. ನಲ್ಲಿಯ ನೀರು ಬೀಳುತ್ತಲೇ ಇತ್ತು.

"ಎಂಬತ್ತಾರಾ?" ಎಂದರು.

"ಎಂಬತ್ತಾರು."

"ತಟ್ಟೆ ಇದ್ದ ಹಾಗೇ ಇದೆ ಅನ್ನಿಸ್ತಿತ್ತು ಒಂದೊಂದು ಸಲ. ದೀಪ ನೋಡಿದ್ರೆ ಉರೀತಿದೆ. ನಾನೇ ಸರಿಯಾಗಿ ಒತ್ತಿಲ್ಲವೇನೋ ಅಂತ ಮತ್ತೆ ಒತ್ತುತ್ತಿದ್ದೆ." ಹಾಗೆಂದು ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ತುಟಿಯ ಕೊನೆಯಲ್ಲಿ ಹಳೆಯ ಕುಚೋದ್ಯ ಮೆಲ್ಲಗೆ ಇಣುಕಿತು. "ಹಾಗಾದ್ರೆ ನಾಲ್ಕು ಗಂಟೆಗೆ ಡಾಕ್ಟ್ರಿಗೆ ನಿನ್ನನ್ನೇ ತೋರಿಸೋಣ. ಹೆಸರು ಬರೆಸಿ ಆಗಿದೆ, ಯಾಕೆ ದಂಡ ಮಾಡೋದು."

ಅವನಿಗೆ ನಗು ಬಂತು, ಅದರ ಹಿಂದೆಯೇ ಹೇಳಬೇಕಾದ ಇನ್ನೊಂದು ಮಾತು ನೆನಪಿಗೆ ಬಂತು. ಇಲ್ಲಿಗೇ ನಿಲ್ಲಿಸಬಹುದಾಗಿತ್ತು. ಮಾವನ ಮುಖ ಎಷ್ಟು ದಿನದ ಮೇಲೆ ಹಗುರಾಗಿತ್ತು. "ಇನ್ನೂ ಒಂದಿದೆ ಮಾವ," ಎಂದ. "ಆವತ್ತು ಯಜಮಾನರು ಫೋನ್ ಮಾಡಿದಾಗ, ಮರೆತಿರಬಹುದು ಅಂತ ಮೊದಲು ಹೇಳಿದ್ದು ಅವರಲ್ಲ. ನಾನು."

"ಗೊತ್ತು," ಎಂದರು ಮಾವ, ನಲ್ಲಿ ತಿರುಗಿಸುತ್ತಾ. "ಫೋನನ್ನ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳೋ ಹಾಗೆ ಮಾತಾಡ್ತಿದ್ರು. ನಾನು ಎದುರಿಗೇ ನಿಂತಿದ್ದೆ."

ನೀರು ನಿಂತಿತು. ಒಂದು ತಿಂಗಳು ಇವರು ತನ್ನ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡಿದ್ದಾರೆ, ಇವತ್ತು ಬೆಳಿಗ್ಗೆ ತನ್ನ ಬೆನ್ನಿಗೆ ಒರಗಿ ಕೂತು ಬಂದಿದ್ದಾರೆ. "ಗೊತ್ತಿದ್ದೂ ನನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ ನೀವು," ಎಂದ.

"ಏನಂತ ಕೇಳೋದು. ಅಲ್ಲೀವರೆಗೂ ಯಜಮಾನರ ಹತ್ರ ಜಗಳ ಆಡ್ತಾನೇ ಇದ್ದೆ, ಒತ್ತಿದೀನಿ, ನನ್ನ ಕೈಯಾರೆ ಒತ್ತಿದೀನಿ ಅಂತ. ಅಷ್ಟರಲ್ಲಿ ನೀನು ಹೇಳ್ದೆ. ಸುಮ್ಮನಾದೆ." ಮಾವ ಒಂದು ಒದ್ದೆ ತಟ್ಟೆಯನ್ನು ತೊಟ್ಟಿಯಿಂದ ಎತ್ತಿದರು. "ನಮ್ಮ ಹುಡುಗ ನೋಡದೆ ಹೇಳೋನಲ್ಲ ಅಂತ."

"ನೋಡಿರಲಿಲ್ಲ ಮಾವ."

"ಈಗ ನೋಡಿದೆಯಲ್ಲ," ಎಂದು ಅವರು ತಟ್ಟೆಯ ಇನ್ನೊಂದು ತುದಿಯನ್ನು ಅವನ ಕಡೆಗೆ ಚಾಚಿದರು. "ಹಿಡಿ ಆ ಕಡೆ."